ಮೊಲಕ್ಕೆ ಗರಿಕೆಯೇ ಹೋಳಿಗೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವವರನ್ನು ಕಂಡು ನಗುವ ನಾವು, ಸಾಕಿದ ಮೊಲದ ಊಟದ ಮಾತು ಬಂದಾಗ ಅದೇ ಹಟಕ್ಕೆ ಬೀಳುತ್ತೇವೆ. ಮೊಲ ಅಂದಮೇಲೆ ಕ್ಯಾರೆಟ್ ತಿನ್ನಲೇಬೇಕು! ಅಂಗನವಾಡಿಯ ಗೋಡೆಯ ಚಿತ್ರದಿಂದ ಹಿಡಿದು ಮಕ್ಕಳ ಶಾಲೆಚೀಲದ ಬೊಂಬೆಯವರೆಗೆ ಎಲ್ಲ ಮೊಲಗಳ ಕೈಯಲ್ಲೂ ಒಂದು ಕ್ಯಾರೆಟ್ ಇರುತ್ತದೆ. ಈ ನಂಟನ್ನು ಇಷ್ಟು ಗಟ್ಟಿ ಮಾಡಿದ್ದು ಹೊಲವಲ್ಲ, ಸಿನಿಮಾ ಪರದೆ. 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಎಂಬ ಅಮೆರಿಕದ ಚಿತ್ರದಲ್ಲಿ ನಟ ಕ್ಲಾರ್ಕ್ ಗೇಬಲ್ ಕ್ಯಾರೆಟ್ ಕಡಿಯುತ್ತಾ ಬಾಯಿತುಂಬ ಮಾತಾಡುವ ದೃಶ್ಯವೊಂದಿದೆ. 1940ರಲ್ಲಿ ಬಂದ ಬಗ್ಸ್ ಬನ್ನಿ ಎಂಬ ಕಾರ್ಟೂನ್ ಮೊಲ ಅದನ್ನೇ ಅಣಕಿಸಿತು. ಅಣಕ ಮರೆತುಹೋಯಿತು, ಕ್ಯಾರೆಟ್ ಉಳಿಯಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇದರ ಜೊತೆಗೆ ನಮ್ಮದೇ ಉಪಚಾರವೂ ಸೇರಿಕೊಳ್ಳುತ್ತದೆ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಸೀಮೆ ಇದು. ಪ್ರೀತಿ ತೋರಿಸುವುದೆಂದರೆ ಸಿಹಿ ಕೊಡುವುದು ಎಂಬುದು ರಕ್ತದಲ್ಲೇ ಇದೆ. ಹಾಗಾಗಿ ಗೂಡಿನಲ್ಲಿರುವ ಮೊಲಕ್ಕೂ ಪುಟ್ಟಬಾಳೆ ಹಣ್ಣು, ಹಲಸಿನ ತೊಳೆ, ಬಿಸ್ಕತ್ತು, ಎಳ್ಳಮಾವಾಸ್ಯೆ ಜಾತ್ರೆಯಿಂದ ತಂದ ಬೆಂಡು ಬತ್ತಾಸು. ಉಪಚಾರ ಮಾಡುವವರ ಮನಸ್ಸು ಒಳ್ಳೆಯದೇ. ಆದರೆ ಮೊಲಕ್ಕೆ ಯಾವ ತಿನಿಸು ಕ್ಷೇಮ ಎಂಬುದನ್ನು ಕೊಡುವವರ ಮನಸ್ಸಾಗಲಿ, ತಿನ್ನುವ ಮೊಲದ ನಾಲಿಗೆಯಾಗಲಿ ಹೇಳಲಾರದು. ಅದನ್ನು ಹೇಳುವುದು ಅದರ ಹೊಟ್ಟೆ. ಆ ಹೊಟ್ಟೆಯ ಕಟ್ಟಳೆ ತಿಳಿದುಕೊಂಡರೆ ಪಟ್ಟಿ ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಮೊಲದ ಬಾಯಿಂದಲೇ ಶುರು ಮಾಡೋಣ. ಅದಕ್ಕೆ 28 ಹಲ್ಲು, ಅಷ್ಟೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನ ಬಾಚಿಹಲ್ಲು ವಾರಕ್ಕೆ ಎರಡು ಮಿಲಿಮೀಟರ್‌ನಷ್ಟು ಬೆಳೆಯುತ್ತದೆ. ಒರಟು ಹುಲ್ಲನ್ನು ಗಂಟೆಗಟ್ಟಲೆ ಅರೆಯುತ್ತಿದ್ದರೆ ಮಾತ್ರ ಬೆಳೆದದ್ದು ಸವೆಯುತ್ತದೆ. ಮೆತ್ತಗಿನ ಹಣ್ಣು, ಪುಡಿಯಾಗುವ ಬಿಸ್ಕತ್ತು ತಿನ್ನುವ ಮೊಲದ ದವಡೆಹಲ್ಲು ಮೊನಚಾಗಿ ಬೆಳೆದು ನಾಲಿಗೆಗೂ ಕೆನ್ನೆಗೂ ಚುಚ್ಚತೊಡಗುತ್ತದೆ. ಇನ್ನು ಒಳಗಿನ ಏರ್ಪಾಡು ಇನ್ನೂ ಸೋಜಿಗದ್ದು. ದನಕ್ಕೆ ಹುಲ್ಲು ಹುಳಿಬರಿಸುವ ಚೀಲ ಹೊಟ್ಟೆಯ ಮೊದಲಲ್ಲೇ ಇದೆ. ಮೊಲಕ್ಕೆ ಅದು ಕರುಳಿನ ಕೊನೆಯ ಭಾಗದಲ್ಲಿದೆ. ಕುರುಡುಗರುಳು ಎಂಬ ಈ ದೊಡ್ಡ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸಿ ಪೋಷಕಾಂಶ ಮಾಡುತ್ತವೆ. ತಿಂದದ್ದರಲ್ಲಿ ದಪ್ಪ ನಾರು ಕರುಳನ್ನು ಮುಂದಕ್ಕೆ ತಳ್ಳುತ್ತಾ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ, ನುಣ್ಣನೆಯ ಭಾಗ ಹಿಂದಕ್ಕೆ ಸರಿದು ಆ ಚೀಲ ಸೇರುತ್ತದೆ. ಅಲ್ಲಿ ಹದಗೊಂಡದ್ದು ಮೆತ್ತಗಿನ, ಹೊಳಪಿನ ಗೊಂಚಲು ಹಿಕ್ಕೆಯಾಗಿ ಹೊರಬಂದಾಗ ಮೊಲ ಅದನ್ನು ನೇರವಾಗಿ ಬಾಯಿ ಹಾಕಿ ತಿಂದುಬಿಡುತ್ತದೆ. ಹೇಸಿಗೆ ಎಂದು ಮುಖ ಸಿಂಡರಿಸಬೇಕಾಗಿಲ್ಲ, ಬಿ ಗುಂಪಿನ ಜೀವಸತ್ವಗಳೂ ಪ್ರೋಟೀನೂ ಅದಕ್ಕೆ ಹೀಗೆಯೇ ಸಿಗಬೇಕು. ದನ ಮೆಲುಕು ಹಾಕಿ ಮಾಡುವ ಕೆಲಸವನ್ನು ಮೊಲ ಎರಡನೇ ಸಲ ಉಂಡು ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಈ ಕಾರ್ಖಾನೆ ನಡೆಯುವುದು ನಾರಿನ ಮೇಲೆ. ಸಕ್ಕರೆ, ಪಿಷ್ಟ ಹೆಚ್ಚಾಗಿ ಒಳಗೆ ಬಂದರೆ ಕುರುಡುಗರುಳಿನ ಒಳ್ಳೆಯ ಸೂಕ್ಷ್ಮಜೀವಿಗಳ ಜಾಗವನ್ನು ಕ್ಲಾಸ್ಟ್ರಿಡಿಯಂ ಜಾತಿಯ ಕೆಟ್ಟವು ಆಕ್ರಮಿಸುತ್ತವೆ. ಅವು ಬಿಡುವ ವಿಷ ಎಳೆಯ ಮರಿಗಳನ್ನು ಒಂದೆರಡು ದಿನದಲ್ಲಿ ಕೊಲ್ಲಬಲ್ಲದು. ದೊಡ್ಡ ಮೊಲದಲ್ಲಿ ಕರುಳಿನ ಚಲನೆ ನಿಧಾನವಾಗಿ, ಹೊಟ್ಟೆ ಉಬ್ಬರಿಸಿ, ಊಟ ನಿಲ್ಲುತ್ತದೆ. ಊಟ ನಿಂತರೆ ಚಲನೆ ಇನ್ನೂ ನಿಧಾನ. ಮೊಲಕ್ಕೆ ವಾಂತಿ ಮಾಡಿಕೊಳ್ಳಲು ಬರುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಿ. ಒಳಗೆ ಹೋದದ್ದಕ್ಕೆ ಹಿಂದಿನ ದಾರಿಯೊಂದೇ. ಈ ಸಮತೋಲ ಎಷ್ಟು ನಾಜೂಕು ಎಂಬುದಕ್ಕೆ ಔಷಧದ ಲೋಕದಲ್ಲೇ ಸಾಕ್ಷಿ ಇದೆ. ನಮ್ಮ ಮಕ್ಕಳಿಗೆ ಕೆಮ್ಮು ಬಂದಾಗ ಧಾರಾಳವಾಗಿ ಬರೆದುಕೊಡುವ ಅಮಾಕ್ಸಿಸಿಲಿನ್, ಪೆನಿಸಿಲಿನ್‌ಗಳನ್ನು ಮೊಲದ ಬಾಯಿಗೆ ಹಾಕಿದರೆ ಅದು ಸಾಯಬಹುದು. ಒಳಗಿನ ಸೂಕ್ಷ್ಮಜೀವಿಗಳ ಸಂಸಾರ ಕೆಟ್ಟರೆ ಮೊಲವೇ ಕೆಟ್ಟಂತೆ.

ಇನ್ನು ಲೆಕ್ಕ. ನೂರು ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 12 ಗ್ರಾಂ ಸಕ್ಕರೆ, ಹಲಸಿನ ತೊಳೆಯಲ್ಲಿ 19, ಸೇಬಿನಲ್ಲಿ 10, ಕ್ಯಾರೆಟ್ಟಿನಲ್ಲಿ ಐದರ ಹತ್ತಿರ. ಕೊತ್ತಂಬರಿ ಸೊಪ್ಪಿನಲ್ಲಿ ಒಂದು ಗ್ರಾಂ ಕೂಡ ಇಲ್ಲ. ಎರಡು ಕಿಲೋ ತೂಗುವ ಮೊಲಕ್ಕೆ ಒಂದು ಪುಟ್ಟಬಾಳೆ ಹಣ್ಣು ಕೊಟ್ಟರೆ ಅರುವತ್ತು ಕಿಲೋದ ಮನುಷ್ಯ ಒಂದೇ ಸಲಕ್ಕೆ ಮೂವತ್ತು ಹಣ್ಣು ತಿಂದಂತೆ. ನಮಗೆ ‘ಒಂದೇ ಒಂದು’ ಎನಿಸಿದ್ದು ಅದಕ್ಕೆ ಒಂದು ಗೊನೆಯ ಕಾಲುಭಾಗ. 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಹೌಸ್ ರ್‍ಯಾಬಿಟ್ ಸೊಸೈಟಿ ಮೊಲ ಸಾಕುವವರಿಗೆ ಹೇಳುವ ಮಿತಿ, ತೂಕದ ಪ್ರತಿ ಕಿಲೋಗೆ ಹೆಚ್ಚುಕಡಿಮೆ ಒಂದು ಟೀ ಚಮಚ ಹಣ್ಣು. ಅಂದರೆ ಎರಡು ಕಿಲೋದ ಮೊಲಕ್ಕೆ ಹೆಬ್ಬೆರಳ ತುದಿಯಷ್ಟು ದಪ್ಪದ ಒಂದೆರಡು ತುಂಡು. ಅದೂ ದಿನದ ಗರಿಷ್ಠ, ದಿನದ ಹಕ್ಕಲ್ಲ. ಉಳಿದಂತೆ ಅದರ ಊಟದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಹುಲ್ಲೇ ಇರಬೇಕು ಎಂಬುದರಲ್ಲಿ ಮೊಲದ ವೈದ್ಯರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕ್ಯಾರೆಟ್ ವಿಷವಲ್ಲ, ಅದು ಹಣ್ಣಿನ ಲೆಕ್ಕಕ್ಕೆ ಸೇರಬೇಕಾದ ಗೆಡ್ಡೆ. ನಾವು ಬಿಸಾಡುವ ಅದರ ಸೊಪ್ಪೇ ಮೊಲಕ್ಕೆ ಹೇಳಿ ಮಾಡಿಸಿದ್ದು.

ಆದರೂ ಮೊಲ ಹಣ್ಣನ್ನೇ ಮುಗಿಬಿದ್ದು ತಿನ್ನುತ್ತದಲ್ಲ, ಮೈಗೆ ಬೇಡದ್ದನ್ನು ಬಾಯಿ ಕೇಳೀತೇ ಎಂದು ಯಾರಾದರೂ ಕೇಳಬಹುದು. ಕೇಳುತ್ತದೆ, ಸಕ್ಕರೆ ಕಾಯಿಲೆ ಇದ್ದವರ ಮನೆಯಲ್ಲಿ ಹೋಳಿಗೆ ಡಬ್ಬಿ ಎಲ್ಲಿ ಬಚ್ಚಿಡುತ್ತಾರೆಂದು ನೆನೆಸಿಕೊಂಡರೆ ಸಾಕು. ಇಂದು ಮನೆಗಳಲ್ಲಿರುವ ಬಿಳಿ, ಬೂದು, ಕಪ್ಪುಪಟ್ಟಿಯ ಮೊಲಗಳೆಲ್ಲ ಯುರೋಪಿನ ಒಂದೇ ಜಾತಿಯ ಸಂತತಿ. ಅದರ ಮೂಲ ನೆಲೆ ಸ್ಪೇನ್, ಪೋರ್ಚುಗಲ್‌ಗಳ ಒಣ ಹುಲ್ಲುಗಾವಲು. ಅಲ್ಲಿ ಸಿಹಿ ಎಂಬುದು ಅಪರೂಪಕ್ಕೆ ಸಿಗುವ ವಸ್ತು, ಸಿಕ್ಕಾಗ ಬಿಡಬಾರದು ಎಂಬ ಆಸೆ ಅದರ ಮೈಗೆ ಅಂಟಿದೆ. ಬಿಡದೆ ಸಿಗುತ್ತಿದ್ದರೆ ಏನು ಮಾಡಬೇಕೆಂಬ ಬುದ್ಧಿ ಮಾತ್ರ ಅಂಟಿಲ್ಲ. ಹುಲ್ಲು ಮಾತ್ರ ಕೊಟ್ಟರೆ ಸೊರಗೀತು ಎಂಬ ಭಯಕ್ಕೆ ಆಸ್ಟ್ರೇಲಿಯಾ ಉತ್ತರ ಹೇಳುತ್ತದೆ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಇಂಗ್ಲೆಂಡಿನಿಂದ ಎರಡು ಡಜನ್‌ನಷ್ಟು ಮೊಲ ತರಿಸಿ ವಿಕ್ಟೋರಿಯಾ ಪ್ರಾಂತದಲ್ಲಿ ಬಿಟ್ಟ. ಅರ್ಧ ಶತಮಾನದೊಳಗೆ ಅವು ಖಂಡದ ಬಹುಭಾಗವನ್ನು ಮುಕ್ಕಿದ್ದರಿಂದ ಪಶ್ಚಿಮದ ಕಡೆ ಅವನ್ನು ತಡೆಯಲು 1901ರಿಂದ 1907ರವರೆಗೆ ಸಾವಿರಾರು ಕಿಲೋಮೀಟರ್ ಬೇಲಿ ಹಾಕಬೇಕಾಯಿತು. ಆ ಸೈನ್ಯ ನಡೆದದ್ದು ಹುಲ್ಲು, ಎಲೆ, ತೊಗಟೆಯ ಮೇಲೆ. ಕ್ಯಾರೆಟ್ ಯಾರೂ ಹಾಕಲಿಲ್ಲ.

ಹಳ್ಳಿಯಲ್ಲಿ ಇದಕ್ಕಿಂತ ಬಲವಾಗಿ ಕೇಳುವ ಇನ್ನೊಂದು ತರ್ಕವಿದೆ: ದನ, ಆಡು ತಿನ್ನುವ ಸೊಪ್ಪೆಲ್ಲ ಮೊಲಕ್ಕೂ ಆದೀತು. ಆಗುವುದಿಲ್ಲ, ಯಾಕೆಂದರೆ ಚೀಲ ಇರುವ ಜಾಗ ಬೇರೆ. ಸುಬಾಬುಲ್ ಸೊಪ್ಪನ್ನೇ ನೋಡಿ. ಅದರಲ್ಲಿರುವ ಮೈಮೋಸಿನ್ ಎಂಬ ವಸ್ತು ಕೂದಲು ಉದುರಿಸುತ್ತದೆ, ಬೆಳವಣಿಗೆ ಕುಂಠಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಅದನ್ನು ತಿಂದ ದನಗಳು ಕಾಯಿಲೆ ಬಿದ್ದವು, ಹವಾಯಿಯಲ್ಲಿ ತಿಂದ ಆಡುಗಳು ಗಟ್ಟಿಯಾಗಿದ್ದವು. ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯದ ವಿಜ್ಞಾನಿ ಹುಡುಕಿದಾಗ ಹವಾಯಿ ಆಡುಗಳ ಮೊದಲ ಹೊಟ್ಟೆಯಲ್ಲಿ ಆ ವಿಷವನ್ನು ಒಡೆಯುವ ಬ್ಯಾಕ್ಟೀರಿಯಾ ಸಿಕ್ಕಿತು. ಅದನ್ನು ದಾಟಿಸಿದ ಮೇಲೆ ಆಸ್ಟ್ರೇಲಿಯಾದ ದನಗಳೂ ಸುಧಾರಿಸಿದವು. ಮೆಲುಕು ಹಾಕುವ ಪ್ರಾಣಿಯಲ್ಲಿ ತಿಂದದ್ದು ರಕ್ತಕ್ಕೆ ಸೇರುವ ಮೊದಲೇ ಸೂಕ್ಷ್ಮಜೀವಿಗಳ ಕೈಗೆ ಸಿಗುತ್ತದೆ. ಮೊಲದಲ್ಲಿ ಸಣ್ಣಕರುಳು ಹೀರಿಕೊಂಡು ಬಿಟ್ಟದ್ದು ಮಾತ್ರ ಕುರುಡುಗರುಳಿಗೆ ಹೋಗುವುದರಿಂದ ವಿಷಕ್ಕೆ ಕಾವಲುಗಾರನೇ ಇಲ್ಲ. ನಮ್ಮ ತೋಟದ ಬೇಲಿಯಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ನೆಟ್ಟ ಗ್ಲಿರಿಸಿಡಿಯಾಕ್ಕೂ ಇದೇ ಮಾತು. ಆಡು ತಿನ್ನಬಹುದು, ಆದರೆ ಆ ಹೆಸರಿನ ಲ್ಯಾಟಿನ್ ಅರ್ಥವೇ ಇಲಿ ಕೊಲ್ಲುವುದು ಎಂದು. ಮಧ್ಯ ಅಮೆರಿಕದಲ್ಲಿ ಅದರ ತೊಗಟೆ, ಬೀಜ ಇಲಿಪಾಷಾಣವಾಗಿತ್ತು. ಹೆಸರು ಕೇಳಿದ ಮೇಲೂ ಮೊಲಕ್ಕೆ ಹಾಕಿ ಪರೀಕ್ಷೆ ಮಾಡುವುದು ಯಾಕೆ?

ನಾವೇ ತಿನ್ನುವುದನ್ನು ಕೊಟ್ಟರೆ ಅಪಾಯ ಹೇಗೆ ಎಂಬ ಪ್ರಶ್ನೆಗೆ ಮಲೆನಾಡಿನ ಅಡುಗೆಮನೆಗಿಂತ ಒಳ್ಳೆಯ ಉತ್ತರ ಇನ್ನೆಲ್ಲೂ ಸಿಗಲಾರದು. ಪತ್ರೊಡೆಗೆ ಕೆಸುವಿನ ಎಲೆ ತರುವವರಿಗೆ ಗೊತ್ತು, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ ಎಂದು. ಎಲೆಯೊಳಗೆ ಸೂಜಿಯಂಥ ಆಕ್ಸಲೇಟ್ ಹರಳುಗಳಿರುವುದೇ ಕಾರಣ. ಮಳೆಗಾಲದ ಕಳಲೆಯನ್ನು ಕೊಚ್ಚಿ ದಿನಗಟ್ಟಲೆ ನೀರು ಬದಲಾಯಿಸಿ ನೆನೆಹಾಕುವುದು ರುಚಿಗೆ ಮಾತ್ರ ಅಲ್ಲ, ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ. ತಲೆಮಾರುಗಳ ಅಜ್ಜಿಯರು ಕಂಡುಕೊಂಡ ಈ ಉಪಾಯಗಳಿಂದಾಗಿ ಅವು ಆಹಾರವಾದವು. ಮೊಲ ತಿನ್ನುವುದು ಹಸಿಯಾಗಿ. ಅದಕ್ಕೆ ಹುಣಸೆಹಣ್ಣೂ ಇಲ್ಲ, ನೆನೆಹಾಕುವ ಪಾತ್ರೆಯೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ನಮಗೆ ಒಗ್ಗರಣೆ, ಮೊಲದ ರಕ್ತಕಣಗಳಿಗೆ ಹಾನಿ. ಇತ್ತೀಚೆಗೆ ಕಾಫಿ ತೋಟದ ಕಡೆಯಿಂದ ನಮ್ಮ ಹಿತ್ತಲಿಗೂ ಬಂದಿರುವ ಬೆಣ್ಣೆಹಣ್ಣಿನ ಎಲೆ, ಸಿಪ್ಪೆ, ಹಣ್ಣು ಯಾವುದೂ ಮೊಲಕ್ಕೆ ಸಲ್ಲ. ಅದರಲ್ಲಿರುವ ಪರ್ಸಿನ್ ಹೃದಯಕ್ಕೇ ಪೆಟ್ಟು ಕೊಡುತ್ತದೆ. ಅಂಗಳದ ಕಣಗಿಲೆ, ಬೇಲಿಯ ಲಂಟಾನ, ಆಲೂಗಡ್ಡೆ ಗಿಡದ ಸೊಪ್ಪು ಕೂಡ ದೂರ ಇರಬೇಕಾದವೇ. ಪ್ರಾಣಿ ತಾನಾಗಿ ವಿಷದ ಗಿಡ ಮುಟ್ಟುವುದಿಲ್ಲ ಎಂಬ ಭರವಸೆ ಗೂಡಿನ ಮೊಲಕ್ಕೆ ಅನ್ವಯಿಸದು. ಆರಿಸಿಕೊಳ್ಳಲು ಹತ್ತು ಗಿಡಗಳಿದ್ದಾಗ ಕಾಡಿನ ಪ್ರಾಣಿ ಆರಿಸುತ್ತದೆ. ಎದುರಿಗೆ ಒಂದೇ ಎಲೆ ಹಿಡಿದರೆ ಹಸಿದದ್ದು ತಿನ್ನುತ್ತದೆ.

ಇಷ್ಟೆಲ್ಲ ಬೇಡ ಎಂದ ಮೇಲೆ ಉಳಿಯುವುದೇನು? ಬೇಕಾದಷ್ಟು ಉಳಿಯುತ್ತದೆ, ಮತ್ತು ಕಾಸು ಖರ್ಚಿಲ್ಲದೆ. ಮೊದಲ ಪಂಕ್ತಿಯಲ್ಲಿ ಗರಿಕೆ. ಚೌತಿಗೆ ಗಣಪತಿಗೆಂದು ಮಕ್ಕಳು ಹುಡುಕಿ ತರುವ ಆ ಹುಲ್ಲನ್ನು ವರ್ಷವಿಡೀ ಮೊಲಕ್ಕೂ ತರಬಹುದು. ಅದು ತಿನಿಸೂ ಹೌದು, ಊಟವೂ ಹೌದು. ಎಷ್ಟು ಕೊಟ್ಟರೂ ಹೆಚ್ಚಾಗುವುದಿಲ್ಲ ಎಂದು ಧೈರ್ಯವಾಗಿ ಹೇಳಬಹುದಾದದ್ದು ಹುಲ್ಲೊಂದೇ. ಕೈಯಿಂದ ಕೊಟ್ಟು ಸಲಿಗೆ ಬೆಳೆಸಲು ಪರಿಮಳದ ಸೊಪ್ಪು ಬೇಕೆಂದರೆ ಕೊತ್ತಂಬರಿ, ಪುದೀನ, ತುಳಸಿಯ ಒಂದು ಕುಡಿ. ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ಹಲಸಿನ ಎಲೆ, ಗದ್ದೆಯಂಚಿನ ಒಂದೆಲಗ ಇವೆಲ್ಲ ಸರದಿಯಲ್ಲಿ ಬರಬಹುದು. ಪೇರಲೆಯ ಬೆರಳು ದಪ್ಪದ ಕಡ್ಡಿಯನ್ನು ಎಲೆ ಸಹಿತ ಗೂಡಿಗೆ ಹಾಕಿದರೆ ಹಲ್ಲಿಗೂ ಕೆಲಸ, ಹೊತ್ತು ಕಳೆಯಲೂ ದಾರಿ. ನುಗ್ಗೆ ಸೊಪ್ಪಿಗೆ ಮಾತ್ರ ಕೈ ಬಿಗಿ ಇರಲಿ. ಅದರಲ್ಲಿ ಸುಣ್ಣದ ಅಂಶ ಹೇರಳ, ಮತ್ತು ಮೊಲದ ಮೈ ನಮ್ಮಂತೆ ಬೇಕಾದಷ್ಟೇ ಹೀರಿಕೊಳ್ಳದೆ ಬಂದದ್ದನ್ನೆಲ್ಲ ಹೀರಿ, ಹೆಚ್ಚಾದುದನ್ನು ಮೂತ್ರದಲ್ಲಿ ಬಿಡುತ್ತದೆ. ಅತಿಯಾದರೆ ಮೂತ್ರಕೋಶದಲ್ಲಿ ಗಸಿ ಕಟ್ಟುತ್ತದೆ. ಬಸಳೆ, ಹರಿವೆಗಳಲ್ಲಿ ಆಕ್ಸಲೇಟ್ ಇರುವುದರಿಂದ ಅವೂ ವಾರಕ್ಕೊಮ್ಮೆಯ ನೆಂಟರು. ಯಾವುದೇ ಹೊಸ ಸೊಪ್ಪನ್ನು ಒಂದು ಸಲಕ್ಕೆ ಒಂದೇ, ಒಂದೆರಡು ಎಲೆ ಮಾತ್ರ ಕೊಟ್ಟು ಒಂದು ದಿನ ಕಾಯುವುದು ಮೇಲು. ಮೂರು ತಿಂಗಳೊಳಗಿನ ಮರಿಗೆ ಹಣ್ಣಿನ ಗೊಡವೆಯೇ ಬೇಡ.

ಪೇಟೆಯ ಮೊಲಗಳಿಗೆ ಹೊರದೇಶದ ಟಿಮೊಥಿ ಹುಲ್ಲನ್ನು ಪೊಟ್ಟಣದಲ್ಲಿ ಕೊಳ್ಳುತ್ತಾರೆ. ಆ ಜಾಗದಲ್ಲಿ ನಿಲ್ಲಬಲ್ಲದ್ದು ನಮ್ಮ ಬೆಟ್ಟದ ಕರಡ. ಭತ್ತದ ಹುಲ್ಲು ಹಾಸಿಗೆಗೆ ಸರಿ, ಮೆಲ್ಲಲೂ ಅಡ್ಡಿಯಿಲ್ಲ, ಆದರೆ ಅದರಲ್ಲಿ ಸತ್ವ ಕಡಿಮೆ, ಅದೊಂದನ್ನೇ ನಂಬಬಾರದು. ಹೂ ಬಿಡುವ ಹೊತ್ತಿಗೆ ಕೊಯ್ದು ಒಣಗಿಸಿದ ಹಸಿರು ಬಣ್ಣದ ಕರಡ ಒಳ್ಳೆಯದು. ತೊಂದರೆ ಇರುವುದು ಅದನ್ನು ಇಟ್ಟುಕೊಳ್ಳುವುದರಲ್ಲಿ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಆಷಾಢದ ಜಡಿಮಳೆಯಲ್ಲಿ ಅಟ್ಟದ ಮೇಲಿನ ಹಪ್ಪಳವೇ ಬೂಷ್ಟು ಹಿಡಿಯುವಾಗ ಹುಲ್ಲು ಉಳಿದೀತೆ? ಬೂಷ್ಟಿನ ವಿಷ ಮೊಲದ ಪಿತ್ತಜನಕಾಂಗಕ್ಕೆ ನೇರ ಹೊಡೆತ. ಮುಗ್ಗಲು ವಾಸನೆ ಬಂದ ಹುಲ್ಲನ್ನು ಝಾಡಿಸಿ ಹಾಕುವ ಉಳಿತಾಯ ಬೇಡ, ಗೊಬ್ಬರಗುಂಡಿಗೆ ಎಸೆಯಿರಿ. ಹೊಗೆ ಅಟ್ಟದ ಬೆಚ್ಚಗಿನ ಮೂಲೆಯಲ್ಲಿ ನಾಲ್ಕು ತಿಂಗಳಿಗಾಗುವಷ್ಟು ಕರಡ ಕಟ್ಟಿಡುವುದು ಯಾವ ಹಣ್ಣಿನ ಉಪಚಾರಕ್ಕಿಂತ ದೊಡ್ಡ ಉಪಚಾರ. ಹಾಗೆಯೇ ಯಂತ್ರದಲ್ಲಿ ಕತ್ತರಿಸಿ ರಾಶಿ ಹಾಕಿದ ಕಳೆಹುಲ್ಲು ಕೆಲವೇ ಗಂಟೆಗಳಲ್ಲಿ ಬಿಸಿಯಾಗಿ ಹುಳಿಯುತ್ತದೆ, ಅದು ಹೊಟ್ಟೆಯೊಳಗೂ ಅದನ್ನೇ ಮಾಡುತ್ತದೆ. ಕತ್ತಿಯಲ್ಲಿ ಕೊಯ್ದ ಹುಲ್ಲೇ ಮೇಲು.

ಹಿತ್ತಲು ಬಿಟ್ಟು ಅಡಕೆ ತೋಟಕ್ಕೆ ಇಳಿದರೆ ಮಾತು ಬೇರೆಯಾಗುತ್ತದೆ. ಅಡಕೆಯ ಕೊಳೆರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಇಂದಿಗೂ ಮಳೆಗೆ ಮುಂಚೆ ಒಮ್ಮೆ, ಮಳೆಯ ನಡುವೆ ಇನ್ನೊಮ್ಮೆ ಅಡಕೆ ಕೊನೆಗಳಿಗೆ ಬೀಳುತ್ತದೆ. ಕೊನೆಗೆ ಹೊಡೆದದ್ದು ಕೊನೆಯಲ್ಲೇ ನಿಲ್ಲುವುದಿಲ್ಲ, ಬುಡದ ಹುಲ್ಲಿನ ಮೇಲೆ ನೀಲಿ ಹನಿಯಾಗಿ ಇಳಿಯುತ್ತದೆ. ಆ ಹುಲ್ಲಿನಲ್ಲಿರುವ ತಾಮ್ರ ಎರಡು ಕಿಲೋದ ಪ್ರಾಣಿಗೆ ಸಣ್ಣದಲ್ಲ. ಕಳೆನಾಶಕ ಹೊಡೆದ ರಸ್ತೆಬದಿಯ ಹುಲ್ಲೂ ಹಾಗೆಯೇ. ಸೊಪ್ಪಿನ ಬೆಟ್ಟಕ್ಕೆ ಹೋಗುವವರಿಗೆ ಎಚ್ಚರ ಬೇಕಾದದ್ದು ಮೊಲದ ಸಲುವಾಗಿ ಅಲ್ಲ, ತಮ್ಮ ಸಲುವಾಗಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವುದು. 2019ರ ಆಸುಪಾಸಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಎಷ್ಟು ಮನೆಗಳನ್ನು ಕಾಡಿತೆಂಬುದು ಇನ್ನೂ ಹಸಿ ನೆನಪು. ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳೇ ಅದರ ಕಾಲ. ಆ ದಿನಗಳಲ್ಲಿ ಹಸಿರು ಸಿಗುವುದೂ ಕಡಿಮೆ, ಕಾಡಿಗೆ ಹೋಗುವ ಆಸೆಯೂ ಹೆಚ್ಚು. ಒಂದು ಹಿಡಿ ಸೊಪ್ಪಿಗಾಗಿ ದರಗಿನ ಮೇಲೆ ಓಡಾಡುವ ಬದಲು ಬಚ್ಚಲ ನೀರು ಹರಿಯುವ ಕಡೆ ಗರಿಕೆ, ದಾಸವಾಳ ಬೆಳೆಸಿಕೊಳ್ಳುವುದು ಜಾಣತನ. ಬೆಟ್ಟದಲ್ಲಿ ಕಾಡುಮೊಲದ ಮರಿ ಸಿಕ್ಕರೆ ಅದನ್ನು ಅಲ್ಲೇ ಬಿಡಿ. ಅದು ಬೇರೆಯೇ ಜಾತಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾಕುವಂತಿಲ್ಲ.

ಅಂಗಡಿಯ ತಿನಿಸುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊಲದ ಚಿತ್ರ ಇದ್ದ ಮಾತ್ರಕ್ಕೆ ಒಳಗಿರುವುದು ಮೊಲಕ್ಕೆ ಆದೀತೆಂದಿಲ್ಲ. ಮೊಸರಿನ ಗುಳಿಗೆ ಎಂದು ಮಾರುವುದರಲ್ಲಿ ಸಕ್ಕರೆ ಮತ್ತು ಹಾಲಿನ ಪುಡಿ. ಬಣ್ಣದ ಕಾಳುಮಿಶ್ರಣದಲ್ಲಿ ಜೋಳ, ಸೂರ್ಯಕಾಂತಿ. ಪೆಲೆಟ್ ಕೊಳ್ಳುವುದಾದರೆ ಚೀಟಿಯಲ್ಲಿ ನಾರು ಶೇ 18ಕ್ಕಿಂತ ಹೆಚ್ಚು ಇದೆಯೇ ನೋಡಿ. ಅನಾನಸ್ ರಸ ಹೊಟ್ಟೆಯಲ್ಲಿನ ಕೂದಲುಂಡೆಯನ್ನು ಕರಗಿಸುತ್ತದೆ ಎಂಬ ನಂಬಿಕೆ ಪೊಟ್ಟಣಗಳ ಮೇಲೂ ಸಿಗುತ್ತದೆ, ಅನಾನಸ್ ಬೆಳೆಯುವ ಸಾಗರ, ಸೊರಬದ ಕಡೆ ಇದು ಕೇಳಲು ಹಿತವೂ ಹೌದು. ಆದರೆ ಅದರಲ್ಲಿರುವ ಕಿಣ್ವ ಪ್ರೋಟೀನನ್ನು ಒಡೆದರೂ ಕೂದಲನ್ನು ಕರಗಿಸುವುದಿಲ್ಲ. ಕೂದಲು ಮುಂದಕ್ಕೆ ಸಾಗಲು ಬೇಕಾದದ್ದು ನೀರು ಮತ್ತು ಹುಲ್ಲು.

ಪಕ್ಕದ ಮನೆಯ ಮೊಲ ಎರಡು ವರ್ಷದಿಂದ ಬಿಸ್ಕತ್ತು ತಿಂದೇ ಬದುಕಿದೆ ಎನ್ನುವವರಿಗೆ ಹೇಳುವುದಿಷ್ಟೆ: ಚೆನ್ನಾಗಿ ನೋಡಿಕೊಂಡ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಎರಡು ಮೂರು ವರ್ಷಕ್ಕೆ ಸತ್ತರೆ ‘ಅದರ ಆಯುಷ್ಯವೇ ಅಷ್ಟು’ ಎಂದುಕೊಳ್ಳುವುದು ನಮ್ಮ ತಪ್ಪು ಲೆಕ್ಕ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಅದು ನೋವನ್ನು ಕೊನೆಯ ಗಳಿಗೆಯವರೆಗೆ ಮುಚ್ಚಿಡುತ್ತದೆ, ಕೂಗಿ ಹೇಳುವುದಿಲ್ಲ. ಹೇಳುವುದು ಅದರ ಹಿಕ್ಕೆ. ಬೆಳಿಗ್ಗೆ ಗೂಡು ಗುಡಿಸುವಾಗ ಒಂದು ಕ್ಷಣ ನಿಂತು ನೋಡಿ. ಕಡಲೆಕಾಳಿನಷ್ಟು ಗಾತ್ರದ, ಗುಂಡಗಿನ, ಹಿಸುಕಿದರೆ ಒಣಹುಲ್ಲಿನ ಪುಡಿಯಾಗುವ ಹಿಕ್ಕೆ ಇದ್ದರೆ ನಿನ್ನೆ ಕೊಟ್ಟದ್ದು ಸರಿ. ಚಿಕ್ಕದಾಗಿ, ಸೊಟ್ಟವಾಗಿ, ಅಂಟಂಟಾಗಿದ್ದರೆ ಹಣ್ಣು ನಿಲ್ಲಿಸಿ ಹುಲ್ಲು ಮಾತ್ರ ಹಾಕಿ. ಹನ್ನೆರಡು ಗಂಟೆ ಊಟವೂ ಇಲ್ಲ, ಹಿಕ್ಕೆಯೂ ಇಲ್ಲ ಎಂದಾದರೆ ನಾಳೆಗೆ ಮುಂದೂಡಬೇಡಿ, ತಾಲ್ಲೂಕಿನ ಪಶು ಆಸ್ಪತ್ರೆಗೆ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಅವತ್ತೇ ಒಯ್ಯಿರಿ, ಹೋಗುವಾಗ ಅದು ತಿಂದ ಸೊಪ್ಪಿನ ಒಂದು ಕುಡಿಯೂ ಕೈಯಲ್ಲಿರಲಿ.